ಅಪಘಾತವಾದವರನ್ನು ಆಸ್ಪತ್ರೆಗೆ ಸೇರಿಸಿದರೆ ಕೇಸು ನಮ್ಮ ಮೇಲೆ ಬೀಳುತ್ತಾ?

"ಗಾಯಾಳುವನ್ನು ಮುಟ್ಟಬೇಡಿ, ಕೇಸು ನಿಮ್ಮ ಮೇಲೇ ಬೀಳುತ್ತೆ. ಪೊಲೀಸರು ಬರೋವರೆಗೆ ಆಸ್ಪತ್ರೆಯವರೂ ನೋಡಲ್ಲ." ಈ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಎರಡು ಮಾತೂ ತಪ್ಪು.

ಎರಡನೆಯದು ತೀರಾ ಹಳೆಯ ಭಯ. ಮೊದಲು ಜೀವ ಉಳಿಸಿ, ಪೊಲೀಸ್ ಕೆಲಸ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಮೊದಲನೆಯದಕ್ಕೆ ಉತ್ತರ ಮೋಟಾರು ವಾಹನ ಕಾಯ್ದೆಯಲ್ಲಿದೆ. 2019ರ ತಿದ್ದುಪಡಿಯಲ್ಲಿ 134ಎ ಸೆಕ್ಷನ್ ಸೇರಿತು. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ, ಗಾಯಾಳು ತೀರಿಕೊಂಡರೂ, ಕೇಸು ಹಾಕುವಂತಿಲ್ಲ. ಹೆಸರು, ಫೋನ್ ನಂಬರ್ ಕೊಡಲೇಬೇಕು ಅಂತ ಒತ್ತಾಯಿಸುವಂತಿಲ್ಲ. ಸಾಕ್ಷಿ ಹೇಳುವುದೂ ನಿಮ್ಮಿಷ್ಟ. ಕರ್ನಾಟಕ ಇದಕ್ಕೂ ಮುಂಚೆಯೇ ತನ್ನದೇ ಕಾನೂನು ಮಾಡಿತ್ತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. (ಡಿಕ್ಕಿ ಹೊಡೆದವರಿಗೆ ಈ ರಕ್ಷಣೆ ಇಲ್ಲ, ಅದು ಬೇರೆ ಮಾತು.)

ಅಷ್ಟು ಅವಸರ ಯಾಕೆ? 20,000ಕ್ಕೂ ಜಾಸ್ತಿ ಗಾಯಾಳುಗಳನ್ನು ಒಳಗೊಂಡ ಕ್ರ್ಯಾಶ್-2 ಎಂಬ ಅಧ್ಯಯನ ನೋಡಿ. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಔಷಧಿಯನ್ನು ಮೊದಲ ಗಂಟೆಯೊಳಗೆ ಕೊಟ್ಟಾಗ, ರಕ್ತಸ್ರಾವದ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು. ಮೂರು ಗಂಟೆ ದಾಟಿದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ, ಅಪಾಯವೇ ಹೆಚ್ಚಬಹುದು. ಅದೇ ಔಷಧಿ, ಗಡಿಯಾರ ಮಾತ್ರ ಬೇರೆ!

"ಮುಟ್ಟಬೇಡಿ" ಅನ್ನುವುದರಲ್ಲಿ ಒಂದು ಚೂರು ನಿಜವಿದೆ. ಕುತ್ತಿಗೆಗೆ ಪೆಟ್ಟಾಗಿರಬಹುದು, ಸುಮ್ನೆ ಎಳೆದಾಡಬಾರದು. ನೀರೂ ಕುಡಿಸಬೇಡಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ, 108ಕ್ಕೋ 112ಕ್ಕೋ ಫೋನ್ ಮಾಡಿ.