ಗಡುವು ಮೀರಿದ ಲಿಬಿಯಾ ಯುದ್ಧ

ಕಾಂಗ್ರೆಸ್ (ಅಮೆರಿಕದ ಸಂಸತ್ತು) ಅನುಮತಿಯಿಲ್ಲದೆ ಅಧ್ಯಕ್ಷ ಒಬಾಮಾ ಲಿಬಿಯಾ ಮೇಲೆ ನಡೆಸಿದ ದಾಳಿ ಕಾನೂನುಬಾಹಿರ ಎಂದು ಅಮೆರಿಕದ ಸಂಸದ ಡೆನಿಸ್ ಕುಸಿನಿಚ್ ಆಕ್ಷೇಪಿಸಿದ್ದರು. ಅದು ಬರೀ ತಾಂತ್ರಿಕ ತಕರಾರು ಎಂದು ಲೇಖಕರೊಬ್ಬರು ಬರೆದ ಮಾತನ್ನು ಒಪ್ಪಲಾರೆ. 1973ರ ಯುದ್ಧಾಧಿಕಾರ ನಿರ್ಣಯ ಎಂಬ ಕಾನೂನಿನಂತೆ, ಸೇನೆಯನ್ನು ಕದನಕ್ಕಿಳಿಸಿದ 48 ಗಂಟೆಯೊಳಗೆ ಅಧ್ಯಕ್ಷರು ಕಾಂಗ್ರೆಸ್ಸಿಗೆ ವರದಿ ಕೊಡಬೇಕು. ಕಾಂಗ್ರೆಸ್ ಅನುಮತಿ ಸಿಗದಿದ್ದರೆ ಆ ವರದಿಯಿಂದ 60 ದಿನಕ್ಕೆ ಕಾರ್ಯಾಚರಣೆ ನಿಲ್ಲಿಸಬೇಕು. ವರದಿ ಬಂದದ್ದು 2011ರ ಮಾರ್ಚ್ 21ಕ್ಕೆ, ಗಡುವು ಮುಗಿದದ್ದು ಮೇ 20ಕ್ಕೆ. ಆಮೇಲೂ ಡ್ರೋನ್‌ಗಳು ಹಾರುತ್ತಲೇ ಇದ್ದವು. ನೆಲದ ಮೇಲೆ ಪಡೆಯಿಲ್ಲ, ಸೈನಿಕರಿಗೆ ಅಪಾಯ ಕಡಿಮೆ, ಹಾಗಾಗಿ ಗಡುವು ಅನ್ವಯಿಸದು ಎಂದಿತು ಒಬಾಮಾ ಸರ್ಕಾರ. ಇದನ್ನು ಒಪ್ಪಿದರೆ ಆಕಾಶದಿಂದ ನಡೆಸುವ ಯಾವ ಯುದ್ಧಕ್ಕೂ ಈ ಕಾನೂನು ತಾಗುವುದಿಲ್ಲ! ನಿಜವಾದ ಲೋಪ ಕಾಂಗ್ರೆಸ್ಸಿನ ಕೆಳಮನೆಯದ್ದು: ಜೂನ್ 24ರಂದು ಯುದ್ಧಕ್ಕೆ ಅನುಮತಿಯನ್ನು 295–123 ಮತಗಳಿಂದ ತಿರಸ್ಕರಿಸಿ, ಅದೇ ದಿನ ಯುದ್ಧದ ಹಣಕ್ಕೆ ಮಿತಿ ಹಾಕುವ ಮಸೂದೆಯನ್ನೂ 238–180ರಿಂದ ಬೀಳಿಸಿತು. ಕುಸಿನಿಚ್ ಕೋರ್ಟಿಗೆ ಹೋದರೂ, ದಾವೆ ಹೂಡುವ ಹಕ್ಕು ಸಂಸದರಿಗಿಲ್ಲವೆಂದು ಅಕ್ಟೋಬರಿನಲ್ಲಿ ಅರ್ಜಿ ವಜಾ ಆಯಿತು.