11,000 ಪೌಂಡ್ ಎಳೆಯುತ್ತೆ, ಅಕ್ಕಿ ಮೂಟೆ ಹಿಡಿಸಲ್ಲ

ಅಮೆರಿಕದ ಟಿವಿ ಜಾಹೀರಾತಿನಲ್ಲಿ ಪಿಕಪ್ ಟ್ರಕ್ ಯಾವಾಗಲೂ ಬೆಟ್ಟದ ನೆತ್ತಿಯ ಮೇಲೇ ನಿಂತಿರುತ್ತದೆ. ಅಲ್ಲಿಗೆ ಹತ್ತಿದ್ದು ಯಾಕೆ, ಇಳಿಯುವುದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಹಿಂದಿನಿಂದ ಗಂಟಲು ಕಟ್ಟಿದವನೊಬ್ಬ ಗುಡುಗುತ್ತಾನೆ: ‘ಹನ್ನೊಂದು ಸಾವಿರ ಪೌಂಡ್ ಎಳೆಯುತ್ತದೆ!’ ಕಿಲೋ ಲೆಕ್ಕದಲ್ಲಿ ಐದು ಟನ್, ಅಂದರೆ ಒಂದು ಗಂಡಾನೆ. ಗಂಡ, ಹೆಂಡತಿ, ಎರಡು ಮಕ್ಕಳು, ಹಿಂದೊಂದು ಟ್ರಾವೆಲ್ ಟ್ರೇಲರ್, ಅಂದರೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆ. ಆನೆ ಎಳೆಯುವ ಗಾಡಿಗೆ ಇದ್ಯಾವ ಲೆಕ್ಕ ಅಂತ ಮನೆಯವರು ಶೋರೂಮಿಗೆ ಹೊರಡುತ್ತಾರೆ.

ಈ ಅಂಕಿ ಸುಳ್ಳಲ್ಲ, ಅದೇ ಅದರ ಚಮತ್ಕಾರ. ಒಂದು ಕಾಲಕ್ಕೆ ಒಂದೊಂದು ಕಂಪನಿಯೂ ತನಗೆ ತೋಚಿದ್ದನ್ನು ಬರೆದುಕೊಳ್ಳುತ್ತಿತ್ತು. 2008ರಲ್ಲಿ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ, ಜೆ2807 ಎಂಬ ಅಳತೆಗೋಲು ತಂದಿತು. 2011ರ ಮಾಡೆಲ್ಲಿಗೆ ಟೊಯೋಟ ಅದನ್ನು ಮೊದಲು ಒಪ್ಪಿತು, ಉಳಿದವರು ಗೊಣಗುತ್ತಾ ಹಿಂದೆ ಬಂದರು. ಪರೀಕ್ಷೆ ಕಠಿಣವೇ: ಅರಿಜೋನದ ಡೇವಿಸ್ ಡ್ಯಾಂ ಏರು, ಸುಮಾರು 11 ಮೈಲಿ, 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಒಳಗೆ ಏಸಿ ಪೂರ್ತಿ, ವೇಗ 40 ಮೈಲಿಗಿಂತ ಇಳಿಯಕೂಡದು. ಒಳಗೆ ಕೂರುವವರು ಮಾತ್ರ ಇಬ್ಬರೇ, ತಲಾ 150 ಪೌಂಡ್. ಮಕ್ಕಳಿಲ್ಲ, ನಾಯಿಯಿಲ್ಲ, ಕುಕ್ಕರ್ ಇಲ್ಲ. ಜಗತ್ತಿನ ಅತ್ಯಂತ ಅಚ್ಚುಕಟ್ಟಾದ ಸಂಸಾರ.

ಜಾಹೀರಾತಿನ ದೊಡ್ಡ ಅಂಕಿ ಇಡೀ ಮಾಡೆಲ್ಲಿಗೆ ಸೇರಿದ್ದೂ ಅಲ್ಲ. 2024ರ ಫೋರ್ಡ್ ಎಫ್-150ಗೆ 13,500 ಪೌಂಡ್ ಎನ್ನುತ್ತಾರೆ; ಅದು ಇಂಥದೇ ಎಂಜಿನ್, ಎಳೆಯಲೆಂದೇ ಜೋಡಿಸುವ ಇಂಥದೇ ಟೋಯಿಂಗ್ ಪ್ಯಾಕೇಜ್ ಕೂಡಿಬಂದಾಗಿನ ಮಾತು. ಶೋರೂಮಿನ ಅಂಗಳದಲ್ಲಿ ನಿಂತಿರುವುದು ನಾಲ್ಕು ಬಾಗಿಲು, ಫೋರ್ ವ್ಹೀಲ್ ಡ್ರೈವ್, ತೊಗಲಿನ ಸೀಟು, ಮೇಲೆ ಗಾಜಿನ ಸೂರು ಇರುವ ಮಹಾರಾಜ. ಆ ಗಾಜು, ಸೀಟಿನ ಮೋಟಾರು, ತಾನೇ ಇಳಿಯುವ ಮೆಟ್ಟಿಲು, ಎಲ್ಲದಕ್ಕೂ ತೂಕವಿದೆ. ಅಷ್ಟೂ ನಿಮ್ಮ ಸಾಮಾನಿನ ಪಾಲಿನಿಂದ ಕಡಿತ. ಹೆಚ್ಚು ದುಡ್ಡು ಕೊಟ್ಟಷ್ಟೂ ಕಡಿಮೆ ಹೊರುವ ಹಮಾಲಿ ಬೇರೆಲ್ಲೂ ಸಿಗಲಿಕ್ಕಿಲ್ಲ.

ಸತ್ಯ ಬರೆದಿರುವುದು ಬಾಗಿಲ ಸಂದಿಯಲ್ಲಿ. ಡ್ರೈವರ್ ಬದಿಯ ಬಾಗಿಲು ತೆಗೆದು ಚೌಕಟ್ಟಿನ ಕಡೆ ಬಗ್ಗಿ ನೋಡಿ. ಟೈರಿನ ಗಾಳಿಯ ಲೆಕ್ಕ ಬರೆದ, ಅಂಗೈಯಗಲದ ಹಳದಿ-ಬಿಳಿ ಚೀಟಿ. ಕೂತವರು ಮತ್ತು ಸಾಮಾನು ಎರಡೂ ಸೇರಿ ಇಷ್ಟು ಪೌಂಡ್ ಮೀರಕೂಡದು ಎಂದು ಅದರಲ್ಲಿ ಒಂದು ಸಾಲು. ಪೇಲೋಡ್ ಎಂದರೆ ಅದೇ. ನಮ್ಮ ಮಹಾರಾಜನಿಗೆ 1,450 ಅಂತಿದೆ ಎನ್ನಿ. ಸೇಲ್ಸಿನವರು ಟಚ್‌ಸ್ಕ್ರೀನಿನ ಹದಿನಾಲ್ಕು ಬಣ್ಣದ ದೀಪ ತೋರಿಸುತ್ತಾರೆ, ಹಿಂದಿನ ಗೇಟಿನಲ್ಲಿ ಅಡಗಿರುವ ಏಣಿ ತೋರಿಸುತ್ತಾರೆ. ಈ ಚೀಟಿಯ ಹತ್ತಿರ ಬಂದಾಗ ಬಾಗಿಲು ಮೆತ್ತಗೆ ಮುಚ್ಚಿಕೊಳ್ಳುತ್ತದೆ.

ಈಗ ಪಂಚಾಂಗ ಬಿಟ್ಟು ಮಗ್ಗಿ ತೆಗೆಯೋಣ. ಟ್ರೇಲರಿನ ಕಂಪನಿ ಬರೆದ ‘ಡ್ರೈ ವೆಯ್ಟ್’ 5,400 ಪೌಂಡ್. ಡ್ರೈ ಎಂದರೆ ನೀರಿಲ್ಲ, ಗ್ಯಾಸಿಲ್ಲ, ಸಾಮಾನ್ಯವಾಗಿ ಬ್ಯಾಟರಿಯೂ ಇಲ್ಲ. ಗೃಹಪ್ರವೇಶಕ್ಕೆ ಮುಂಚಿನ ಮನೆ. ತುಂಬಿದ ಎರಡು ಪ್ರೊಪೇನ್ ಸಿಲಿಂಡರು 75 ಪೌಂಡ್, ಎರಡು ಬ್ಯಾಟರಿ 100, ನಲವತ್ತು ಗ್ಯಾಲನ್ ನೀರು 334, ಪಾತ್ರೆ, ಹಾಸಿಗೆ, ಕುರ್ಚಿ, ದಿನಸಿ 600. ಒಟ್ಟು 6,500 ದಾಟಿತು. ಹನ್ನೊಂದು ಸಾವಿರಕ್ಕೆ ಇನ್ನೂ ಬಹುದೂರ, ನಿಜ. ಆದರೆ ಟ್ರೇಲರಿನ ಮೂತಿ ಟ್ರಕ್ಕಿನ ಬೆನ್ನ ಮೇಲೆ ಕೂರುತ್ತದಲ್ಲ, ಆ ಭಾರ ಒಟ್ಟು ತೂಕದ 10ರಿಂದ 15 ಶೇಕಡ ಇರಲೇಬೇಕು. 13 ಎಂದು ಹಿಡಿದರೆ 845. ಭಾರವನ್ನು ಮುಂದಿನ ಚಕ್ರಕ್ಕೂ ಹಂಚುವ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ಚು ಎಂಬ ಕೊಂಡಿ 90. ಅಪ್ಪ 180, ಅಮ್ಮ 145, ಮಕ್ಕಳು 100 ಮತ್ತು 75. ಕೂಡಿಸಿದರೆ 1,435.

ಉಳಿದದ್ದು 15 ಪೌಂಡ್. ಇಂಡಿಯನ್ ಅಂಗಡಿಯ ಸೋನಾ ಮಸೂರಿ ಮೂಟೆ 20 ಪೌಂಡಿನದು.

ಅಕ್ಕಿಯನ್ನು ಟ್ರೇಲರಿಗೇ ಹಾಕಿದರಾಯಿತಲ್ಲ ಎನ್ನುವ ಜಾಣರಿದ್ದಾರೆ. ಹಾಕಬಹುದು. ಆಮೇಲೆ ಸೈಕಲ್ಲೂ ಹೋಗುತ್ತದೆ, ಜನರೇಟರೂ ಹೋಗುತ್ತದೆ. ಮೂತಿಯ ಭಾರ ಟ್ರಕ್ಕಿಗೆ ತಾಗದಿರಲಿ ಎಂದು ಎಲ್ಲವೂ ಟ್ರೇಲರಿನ ಹಿಂಬದಿಗೆ ಸರಿಯುತ್ತದೆ. ಮಂಡ್ಯದ ಕಡೆ ಕಬ್ಬಿನ ಗಾಡಿ ಹೊಡೆದವರಿಗೆ ಇದರ ಫಲ ಯಾರೂ ಹೇಳಿಕೊಡಬೇಕಿಲ್ಲ: ಹಿಂದೆ ಭಾರವಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಗಂಟಲಿಗೆ ಬರುತ್ತದೆ. ಹೆದ್ದಾರಿಯಲ್ಲಿ ಇದೇ ಕಥೆ 65 ಮೈಲಿ ವೇಗದಲ್ಲಿ ನಡೆಯುತ್ತದೆ. ಮೂತಿಯ ಭಾರ 10 ಶೇಕಡಕ್ಕಿಂತ ಇಳಿದರೆ, ಪಕ್ಕದಲ್ಲಿ ಲಾರಿ ಹಾದಾಗ ಟ್ರೇಲರು ಬಾಲ ಅಲ್ಲಾಡಿಸಲು ಶುರು. ಟ್ರಕ್ಕಿನ ಬ್ರೇಕ್ ತುಳಿದರೆ ಅಲ್ಲಾಟ ಹೆಚ್ಚುತ್ತದೆ. ಆಗ ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗ್ ನೆಟ್ಟಗೆ ಹಿಡಿದು, ಬ್ರೇಕ್ ಕಂಟ್ರೋಲರಿನ ಕೈಗುಂಡಿಯಿಂದ ಟ್ರೇಲರಿನ ಬ್ರೇಕನ್ನಷ್ಟೇ ಒತ್ತಬೇಕು. ಈ ವಿದ್ಯೆಯನ್ನು ಜಾಹೀರಾತಿನ ಗುಡುಗಪ್ಪ ಹೇಳಿದ್ದನ್ನು ಯಾರೂ ಕೇಳಿಲ್ಲ.

ಕೈಲಿರುವ ಸಂಸಾರ ನಿಜವಾಗಿ ಎಷ್ಟು ಭಾರ ಎಂದು ತಿಳಿಯಲು ಲಾರಿ ಸ್ಟಾಪಿನಲ್ಲಿ ಗಾಡಿ ತೂಗುವ ಕ್ಯಾಟ್ ಸ್ಕೇಲ್ ಸಾಕು. ಎಲ್ಲರನ್ನೂ ಕೂರಿಸಿ, ಟ್ರೇಲರ್ ಕಟ್ಟಿ ಒಮ್ಮೆ, ಬಿಚ್ಚಿ ಒಮ್ಮೆ ತೂಗಿದರೆ ಅಚ್ಚು ಅಚ್ಚಿನ ಲೆಕ್ಕ ಚೀಟಿಯಲ್ಲಿ ಬರುತ್ತದೆ. ಖರ್ಚು ಅಮೆರಿಕದ ಹೋಟೆಲಿನ ಒಂದು ಮಸಾಲೆ ದೋಸೆಯಷ್ಟು. ಲಕ್ಷ ಡಾಲರಿನ ಹತ್ತಿರದ ಜೋಡಿ ಕೊಂಡವರು ಉಳಿತಾಯ ಮಾಡುವುದು ಸರಿಯಾಗಿ ಈ ದೋಸೆಯಲ್ಲೇ.

ಪೇಲೋಡ್ ಮುಗಿಯಿತು ಎಂದು ದೂರಿದರೆ ಶೋರೂಮಿನ ಪರಿಹಾರ ಸಿದ್ಧ: ಇನ್ನೂ ದೊಡ್ಡದು ತಗೊಳ್ಳಿ. ಮೊದಲಿನದು ‘ಅರ್ಧ ಟನ್’, ಇದು ‘ಮುಕ್ಕಾಲು ಟನ್’. ಹೆಸರಿಗೂ ಹೊರುವ ತೂಕಕ್ಕೂ ಸಂಬಂಧ ಕಡಿದು ದಶಕಗಳಾದವು. ಒಟ್ಟು ಭಾರ 8,500 ಪೌಂಡ್ ಮೀರಲು ಅನುಮತಿಯಿರುವ ಪಿಕಪ್ಪಿಗೆ ಮೈಲೇಜ್ ಎಷ್ಟೆಂದು ಗಾಜಿನ ಮೇಲೆ ಬರೆಯುವ ಕಟ್ಟುಪಾಡೂ ಇಲ್ಲ. ಅಂದರೆ ಗಾಡಿ ಒಂದು ಹದ ಮೀರಿ ದಪ್ಪಗಾದರೆ, ಎಷ್ಟು ಕುಡಿಯುತ್ತದೆ ಎಂದು ಕೇಳುವುದನ್ನೇ ಸರ್ಕಾರ ಬಿಡುತ್ತದೆ. ನಮ್ಮೂರಿನ ಕೆಲವು ದೊಡ್ಡ ಮನುಷ್ಯರ ಹಾಗೆ. ಎಳೆಯುವ ಶಕ್ತಿಗೆಂದು ಅದರಲ್ಲೇ ಡೀಸೆಲ್ ತೆಗೆದುಕೊಂಡರೆ ಎಂಜಿನ್ನೇ ಭಾರ, ಮತ್ತೆ ಪೇಲೋಡಿಗೆ ಕತ್ತರಿ.

ಎಲೆಕ್ಟ್ರಿಕ್ ಪಿಕಪ್ಪಿನ ಸಂಕಟ ಬೇರೆ. ಟ್ರೇಲರ್ ಕಟ್ಟಿದರೆ ಓಡುವ ದೂರ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ, ಚಳಿ ಇನ್ನಷ್ಟು ತಿನ್ನುತ್ತದೆ. ಚಾರ್ಜಿಂಗ್ ತಾಣಗಳಲ್ಲಿ ಬಹುಪಾಲು ಮೂತಿ ತೂರಿಸಿ ನಿಲ್ಲುವ ಜಾಗ. ಹಾಗಾಗಿ ಟ್ರೇಲರ್ ಬಿಚ್ಚು, ಚಾರ್ಜ್ ಮಾಡು, ಕಟ್ಟು; ನೂರಿಪ್ಪತ್ತು ಮೈಲಿಗೊಮ್ಮೆ.

ಇನ್ನು ‘ವರ್ಷವಿಡೀ’ ಎಂಬ ಮಾತು. ಟ್ರೇಲರಿನ ಪಕ್ಕೆಯಲ್ಲಿ ಹಿಮಗಿರಿಯ ಚಿತ್ರದೊಂದಿಗೆ ‘ಫೋರ್ ಸೀಸನ್’ ಎಂದು ಅಂಟಿಸಿರುತ್ತಾರೆ. ಆ ಪದಕ್ಕೆ ಕಾನೂನಿನ ವ್ಯಾಖ್ಯೆಯಿಲ್ಲ, ಸ್ಟಿಕ್ಕರೇ ಪ್ರಮಾಣ. ಕೆಳಗೆ ಮಲಗಿ ನೋಡಿದರೆ ಕೆಲವದರಲ್ಲಿ ಚಳಿ ನಿರೋಧಕ ಎಂದರೆ ಬೆಳ್ಳಿ ಬಣ್ಣದ ತೆಳು ಹಾಳೆ, ಊಟದ ಪಾರ್ಸಲ್ಲಿಗೆ ಸುತ್ತುವಂಥದ್ದು. ಕೊಳ್ಳುವ ಮುನ್ನ ಕೇಳಬೇಕಾದದ್ದು ಎರಡೇ: ನೀರಿನ ಟ್ಯಾಂಕುಗಳೂ ಅವುಗಳ ವಾಲ್ವುಗಳೂ ಮುಚ್ಚಿದ ಅಡಿಯೊಳಗಿವೆಯೇ, ಟ್ರೇಲರನ್ನು ಬೆಚ್ಚಗಿಡುವ ಗ್ಯಾಸ್ ಫರ್ನೇಸಿನ ಬಿಸಿ ಗಾಳಿ ಅಲ್ಲಿಗೂ ಹೋಗುತ್ತದೆಯೇ?

ಬಿಟಿಯು ಎಂದರೆ ಶಾಖದ ಅಳತೆ. ಆ ಫರ್ನೇಸು ಗಂಟೆಗೆ 30,000 ಬಿಟಿಯುದಾದರೆ, 20 ಪೌಂಡಿನ ಸಿಲಿಂಡರಿನಲ್ಲಿರುವ 4.3 ಲಕ್ಷ ಬಿಟಿಯು ಬಿಡದೆ ಉರಿದರೆ 14 ಗಂಟೆ. ಅರ್ಧ ಹೊತ್ತು ಉರಿದರೂ ಮರುದಿನ ರಾತ್ರಿಗೆ ಖಾಲಿ. ಫರ್ನೇಸಿನ ಫ್ಯಾನು ಬ್ಯಾಟರಿಯನ್ನೂ ಹೀರುತ್ತದೆ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡುವಂತಿಲ್ಲ, ಸೂರಿನ ಮೇಲಿನ ಸೋಲಾರ್ ಬಿಸಿಲು ಕಾಯುತ್ತಾ ಸುಮ್ಮನಿರುತ್ತದೆ.

ಬಳಸದೆ ನಿಲ್ಲಿಸುವಾಗ, ಪೈಪು ಹೆಪ್ಪುಗಟ್ಟದಿರಲೆಂದು ನೀರೆಲ್ಲ ಬಸಿದು, ವಾಟರ್ ಹೀಟರನ್ನು ಬೈಪಾಸ್ ಮಾಡಿ, ಇಂಥ ಗಾಡಿಮನೆಗೆಂದೇ (ಆರ್‌ವಿ) ಇರುವ, ಚಳಿಗೆ ಹೆಪ್ಪುಗಟ್ಟದ ಗುಲಾಬಿ ಬಣ್ಣದ ಆ್ಯಂಟಿಫ್ರೀಜನ್ನು ಪಂಪಿನಿಂದ ಎಳೆಸಿ, ಪ್ರತಿ ನಲ್ಲಿಯಲ್ಲೂ ಗುಲಾಬಿ ಬರುವವರೆಗೆ ತೆರೆದಿಡಬೇಕು. ಎರಡು-ಮೂರು ಗ್ಯಾಲನ್ ಸಾಕು. ಬೈಪಾಸ್ ಮರೆತರೆ ಹೀಟರೇ ಆರು ಗ್ಯಾಲನ್ ನುಂಗುತ್ತದೆ. ಕಾರಿನ ಹಸಿರು ಆ್ಯಂಟಿಫ್ರೀಜ್ ಮಾತ್ರ ಬೇಡವೇ ಬೇಡ, ಅದು ವಿಷ. ‘ವರ್ಷವಿಡೀ’ ಬಳಸುವವರಿಗೆ ಈ ಅಭಿಷೇಕ ವರ್ಷಕ್ಕೊಮ್ಮೆಯಲ್ಲ, ಚಳಿಗಾಲದ ಪ್ರತಿ ಪ್ರವಾಸದ ಕೊನೆಗೂ.

ರಸ್ತೆಯ ಮೇಲೂ ಅಷ್ಟೆ. ಹಿಂದೆ ಭಾರ ಕೂತರೆ ಮುಂದಿನ ಚಕ್ರ ಹಗುರಾಗುತ್ತದೆ. ಮಂಜುಗಡ್ಡೆಯ ಮೇಲೆ ಸ್ಟಿಯರಿಂಗ್ ತಿರುಗುತ್ತದೆ, ಗಾಡಿ ತಿರುಗುವುದಿಲ್ಲ. ಟ್ರೇಲರ್ ಬ್ರೇಕಿನ ಬಲ, ಅಂದರೆ ‘ಗೇನ್’, ಇಳಿಸದಿದ್ದರೆ ಅದರ ಚಕ್ರ ಕಚ್ಚಿಕೊಂಡು ಜಾರುತ್ತದೆ. ಫೋರ್ ವ್ಹೀಲ್ ಡ್ರೈವ್ ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡಿಗರು ತಾಹೋ ಸರೋವರಕ್ಕೆಂದು ಡಾನರ್ ಪಾಸ್ ಘಾಟಿ ಹತ್ತುವಾಗ ಚೈನ್ ಕಂಟ್ರೋಲ್ ಬಿದ್ದರೆ, ಅಂದರೆ ಹಿಮಕ್ಕೆ ಚಕ್ರಕ್ಕೆ ಚೈನು ಸುತ್ತಿ ಎಂಬ ಆದೇಶ ಬಂದರೆ, ಬ್ರೇಕಿರುವ ಟ್ರೇಲರಿನ ಒಂದು ಅಚ್ಚಿಗೂ ಚೈನು ಕಟ್ಟಬೇಕು. ಜೋಡಿ ಚೈನಿಗೂ ತೂಕವುಂಟು. ಉಳಿದಿದ್ದ 15 ಪೌಂಡ್ ಅಲ್ಲಿಗೆ ಸರಿಹೋಯಿತು.

ಇಷ್ಟರಲ್ಲಿ ಊರಿನಿಂದ ಅತ್ತೆ-ಮಾವ ಆರು ತಿಂಗಳಿಗೆಂದು ಬಂದಿಳಿಯುತ್ತಾರೆ. ಟ್ರಕ್ಕಿನಲ್ಲಿ ಸೀಟು ಇದೆ, ಚೀಟಿಯಲ್ಲಿ ಜಾಗವಿಲ್ಲ. ಹಾಗಾಗಿ ಮುಂದೆ ಆನೆ ಎಳೆಯುವ ಪಿಕಪ್ಪು ಟ್ರೇಲರ್ ಕಟ್ಟಿಕೊಂಡು ನಲವತ್ತರಲ್ಲಿ ಘಾಟಿ ಹತ್ತುತ್ತದೆ. ಹಿಂದೆ ಮನೆಯ ಹಳೇ ಮಿನಿವ್ಯಾನು ಅತ್ತೆ, ಮಾವ, ಕುಕ್ಕರ್, ಹುಳಿಪುಡಿ ಡಬ್ಬಿ, ಅಕ್ಕಿ ಮೂಟೆ ಹೊತ್ತು ಬರುತ್ತಿರುತ್ತದೆ, ಯಾವ ಗುಡುಗೂ ಇಲ್ಲದೆ.