ಉಣ್ಣೆಯ ಮೇಣ ತೆಗೆಯುವ ದಾರಿ ಬದಲಾಗಬೇಕು

ಬಾಣಂತಿಯರ ಮೊಲೆತೊಟ್ಟು ಬಿರಿದಾಗ ಹಚ್ಚುವ ಮುಲಾಮು ಲ್ಯಾನೋಲಿನ್. ಅಂದರೆ ಕುರಿಯ ಚರ್ಮದಿಂದ ಒಸರಿ ಉಣ್ಣೆಗೆ ಅಂಟಿಕೊಳ್ಳುವ ಜಿಡ್ಡು, ಉಣ್ಣೆಯ ಮೇಣ. ನಾವು ನುಂಗುವ ವಿಟಮಿನ್ ಡಿ3 ಮಾತ್ರೆಗಳಲ್ಲಿ ಬಹುಪಾಲು ತಯಾರಾಗುವುದೂ ಇದರಲ್ಲಿರುವ ಕೊಲೆಸ್ಟರಾಲ್‌ನಿಂದ. ಇಷ್ಟು ಬೆಲೆಬಾಳುವ ವಸ್ತುವನ್ನು ಜವಳಿ ಉದ್ಯಮ ನಡೆಸಿಕೊಳ್ಳುತ್ತಿರುವ ರೀತಿ ಕಂಡರೆ ನನಗೆ ಸಿಟ್ಟು ಬರುತ್ತದೆ.

ಮೆರಿನೊ ಕುರಿಯ ಹಸಿ ಉಣ್ಣೆಯ ತೂಕದಲ್ಲಿ ಶೇ. 10ರಿಂದ 20ರಷ್ಟು ಮೇಣವೇ ಇರುತ್ತದೆ. 60 ಡಿಗ್ರಿ ಆಸುಪಾಸಿನ ಬಿಸಿನೀರಿಗೆ ಡಿಟರ್ಜೆಂಟ್ ಹಾಕಿ ಉಣ್ಣೆ ತೊಳೆಯುತ್ತಾರೆ, ಆ ನೀರನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಣ ತೆಗೆಯುತ್ತಾರೆ. ಎಷ್ಟೋ ಕಡೆ ಅರ್ಧದಷ್ಟೂ ಕೈಗೆ ಸಿಗುವುದಿಲ್ಲ. ಉಳಿದದ್ದು ಮಣ್ಣು, ಬೆವರಿನ ಉಪ್ಪಿನ ಜೊತೆ ಸೇರಿ ಗಸಿಯಾಗುತ್ತದೆ. ಶುದ್ಧೀಕರಿಸದೆ ಬಿಟ್ಟರೆ ಹೊಳೆಯ ನೀರಿನ ಆಮ್ಲಜನಕವನ್ನೇ ಹೀರಿಬಿಡುತ್ತದೆ.

ನೀರಿನ ಬದಲು ದ್ರಾವಕ ಬಳಸಿದರೆ ಮೇಣ ಚೆನ್ನಾಗಿ ಬಿಡುತ್ತದೆ, ನಿಜ. ಆದರೆ ಆ ಚರಿತ್ರೆಯೂ ಹಸನಾಗಿಲ್ಲ. 1,1,1-ಟ್ರೈಕ್ಲೋರೋಈಥೇನ್ ಓಜೋನ್ ಪದರಕ್ಕೆ ಕುತ್ತು ತಂದಿತು, ಮಾಂಟ್ರಿಯಲ್ ಒಪ್ಪಂದ ಅದನ್ನು ಹೊರಗಿಟ್ಟಿತು. ಟ್ರೈಕ್ಲೋರೋಎಥಿಲೀನ್ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ. ಹೆಕ್ಸೇನ್ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ದಿನವೂ ಅದರ ಆವಿ ಕುಡಿಯುವ ಕೆಲಸಗಾರರ ಕೈಕಾಲಿನ ನರಗಳನ್ನು ತಿನ್ನುತ್ತದೆ. ಒಂದು ವಿಷ ಬಿಟ್ಟು ಇನ್ನೊಂದನ್ನು ಹಿಡಿದದ್ದಷ್ಟೇ.

ನನ್ನ ಒಲವು ಇಂಗಾಲದ ಡೈಆಕ್ಸೈಡ್ ಕಡೆಗೆ. 31 ಡಿಗ್ರಿ ಶಾಖ, ಸುಮಾರು 74 ಬಾರ್ ಒತ್ತಡ (ನಮ್ಮ ಸುತ್ತಲ ಗಾಳಿಯ ಒತ್ತಡದ ಎಪ್ಪತ್ತು ಪಟ್ಟಿಗೂ ಹೆಚ್ಚು) ದಾಟಿತೆಂದರೆ ಅದು ಅನಿಲದಂತೆ ಒಳನುಗ್ಗುತ್ತದೆ, ದ್ರವದಂತೆ ಕರಗಿಸಿಕೊಳ್ಳುತ್ತದೆ. ಕಾಫಿ ಬೀಜದ ಕೆಫೀನ್ ತೆಗೆಯುವುದಕ್ಕೂ ಇದನ್ನು ಬಳಸುತ್ತಾರೆ. ಸ್ವಲ್ಪ ಎಥನಾಲ್ ಸೇರಿಸಿದರೆ ಮೇಣ ಇನ್ನೂ ಚೆನ್ನಾಗಿ ಕರಗುತ್ತದೆ. ಒತ್ತಡ ಇಳಿಸಿದ ಕೂಡಲೇ ಅನಿಲ ಹೊರಟುಹೋಗುತ್ತದೆ, ಅದನ್ನೇ ಹಿಡಿದು ಮತ್ತೆ ಬಳಸಬಹುದು.

ಖರ್ಚಿನ ತಕರಾರು ಸುಳ್ಳಲ್ಲ. ಉಣ್ಣೆ ಹಗುರ, ಆದರೆ ಹರವು ಜಾಸ್ತಿ. ಅಷ್ಟು ದೊಡ್ಡ ಒತ್ತಡದ ಪಾತ್ರೆಗೆ ಹಣ ಸುರಿಯಬೇಕು. ಬೆವರಿನ ಉಪ್ಪು ತೆಗೆಯಲು ಕೊನೆಗೆ ನೀರಂತೂ ಬೇಕೇ ಬೇಕು. ಅದಕ್ಕೇ ನಾನು ಹೇಳುವುದು, ಉಣ್ಣೆಯನ್ನು ನೀರಲ್ಲೇ ತೊಳೆಯಲಿ, ಉಳಿದ ಗಸಿಯನ್ನು ಈ ಇಂಗಾಲದ ಡೈಆಕ್ಸೈಡ್ ಪಾತ್ರೆಗೆ ಹಾಕಲಿ. ಗಸಿಯಿಂದ ಹೀಗೆ ಮೇಣ ತೆಗೆಯಬಹುದೆಂದು ಪ್ರಯೋಗಾಲಯಗಳಲ್ಲಿ ತೋರಿಸಿದ್ದಾರೆ. ಚೊಕ್ಕಟವಾಗುವುದು ಹೊಳೆಗೆ ಹೋಗಬೇಕಿದ್ದ ಕೊಳೆ, ಪಾತ್ರೆಯೂ ಚಿಕ್ಕದು ಸಾಕು.

ನಮ್ಮ ಕುರಿಗಾರರಿಗೂ ಇದರಿಂದ ಲಾಭವೇ ಎಂದು ಯಾರಾದರೂ ಕೇಳಬಹುದು. ಡೆಕ್ಕನಿ ಕುರಿಯ ಒರಟು ಉಣ್ಣೆಯಲ್ಲಿ ಜಿಡ್ಡು ಕಡಿಮೆ. ಚಳ್ಳಕೆರೆಯ ಕಂಬಳಿ ನೇಕಾರರಿಗೆ ಲ್ಯಾನೋಲಿನ್ ಆಸೆ ಹುಟ್ಟಿಸುವುದು ಅನ್ಯಾಯ.

ಆದರೆ ಕೊಳ್ಳುವವರು ನಾವೂ ಹೌದು. ಕುರಿಗಳ ಹೇನು, ಉಣ್ಣಿಗಳಿಗೆಂದು ಬಳಸುವ ಕೀಟನಾಶಕಗಳಲ್ಲಿ ಹಲವು ಜಿಡ್ಡಿನಲ್ಲೇ ಸೇರಿಕೊಳ್ಳುತ್ತವೆ. ಆ ಮುಲಾಮು ಹಾಲಿನ ಜೊತೆ ಕೂಸಿನ ಬಾಯಿಗೂ ಹೋಗುತ್ತದೆ. ಟ್ಯೂಬಿನ ಮೇಲೆ ಲ್ಯಾನೋಲಿನ್ ಎಂದಷ್ಟೇ ಬರೆದರೆ ಸಾಲದು. ಯಾವ ದ್ರಾವಕ ಬಳಸಿದರು, ಕೀಟನಾಶಕದ ಶೇಷ ಎಷ್ಟಿದೆ, ಇವೆರಡನ್ನೂ ಅಚ್ಚುಹಾಕಲೇಬೇಕೆಂದು ನಾವು ಕಂಪನಿಗಳನ್ನು ಕೇಳಬೇಕು.